'ಫೋನಲ್ಲೇ ಮಾತಾಡುವ ಸರ್' ಅನ್ನುವವರ ಬಗ್ಗೆ ಎಚ್ಚರ

ಮೊನ್ನೆ ರಾತ್ರಿ ಕಾಸರಗೋಡು ಕಡೆಯ ಪೆರ್ಲದ ಹುಡುಗನೊಬ್ಬ ಫೋನ್ ಮಾಡಿದ್ದ. ಈಗಷ್ಟೇ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದವನು. "ಅಣ್ಣಾ, ಬೆಂಗಳೂರಿನ ಒಂದು ವೆಬ್ ಪತ್ರಿಕೆಯವರು ಎಂಡೋಸಲ್ಫಾನ್ ಕೀಟನಾಶಕಕ್ಕೆ ನಲುಗಿದ ಊರುಗಳ ಬಗ್ಗೆ ಮೂರು ಕಂತು ಕೇಳಿದ್ದಾರೆ. ಕಂತಿಗೆ 5,000 ಅಂತೆ. ಶುಕ್ರವಾರ ಪಡ್ರೆ ಕಡೆ ಹೊರಡ್ತೇನೆ" ಅಂದ. ಮಾತಾಡಿದ್ದು ಯಾರು ಅಂತ ಕೇಳಿದೆ. ಹೇಳಿದ. ನನ್ನಿಂದ ಬರೆಸಿಕೊಂಡು ದುಡ್ಡು ಕೊಡದ ಅದೇ ಜನ. ಅದೇ ರೇಟು. ಅದೇ ಮೂರು ಕಂತು.

ನಾಚಿಕೆಯಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ. ಅವರ ಹೆಸರು ಮಾತ್ರ ಇಲ್ಲಿ ಹಾಕುವುದಿಲ್ಲ, ಪರಿಚಯದ ವಕೀಲರು ಬೇಡ ಅಂದಿದ್ದಾರೆ. ಗುರುತು ಹಿಡಿಯುವವರು ಹಿಡಿಯುತ್ತೀರಿ.

ನಾನು ಕುಂಬಳೆಯವನು. ಹನ್ನೊಂದು ವರ್ಷದಿಂದ ಯಾವ ಪತ್ರಿಕೆಯ ಸಂಬಳವೂ ಇಲ್ಲದೆ ಬರೆಯುತ್ತಿದ್ದೇನೆ. ಹೆಂಡತಿ ಮಂಗಳೂರಿನಲ್ಲಿ ನರ್ಸ್, ಬೆಳಗಿನ ರೈಲಿಗೆ ಹೋದರೆ ಬರುವಾಗ ಕತ್ತಲಾಗುತ್ತದೆ. ಮಗಳನ್ನು ನೋಡಿಕೊಳ್ಳುವುದು, ದೋಸೆ ಹೊಯ್ಯುವುದು, ಜಡೆ ಹಾಕುವುದು ಎಲ್ಲ ನಾನೇ. ಮಧ್ಯದಲ್ಲಿ ಬರವಣಿಗೆ. ಈ ಕೆಲಸದಲ್ಲಿ ದುಡ್ಡು ತಡವಾಗುವುದು ನಮಗೆಲ್ಲ ಗೊತ್ತಿದ್ದದ್ದೇ. ಎರಡು ತಿಂಗಳು, ಮೂರು ತಿಂಗಳು. ಯಾರೂ ಅದಕ್ಕೆ ಜಗಳ ಮಾಡುವುದಿಲ್ಲ. ಇದು ಅದಲ್ಲ.

ಏಪ್ರಿಲ್ ಕೊನೆಗೆ ಆ ವೆಬ್ ಪತ್ರಿಕೆಯ ಸಂಪಾದಕರ ಫೋನ್ ಬಂತು. ಬಹಳ ಸವಿ ಮಾತು. "ಕಾಸರಗೋಡಿನ ಸುರಂಗಗಳ ಬಗ್ಗೆ ನೀವಲ್ಲದೆ ಇನ್ಯಾರು ಬರೀಬೇಕು ಸರ್?" ಅಂದರು. ನಾನೂ ಉಬ್ಬಿದೆ. ಮೂರು ಕಂತು, 15,000, ಓಡಾಟದ ಖರ್ಚು ಬೇರೆ. "ಒಂದು ಮೇಲ್ ಹಾಕಿ ಸರ್" ಅಂದೆ. "ಅಯ್ಯೋ, ಟೈಪ್ ಮಾಡೋಕೆಲ್ಲಿ ಟೈಮು, ಫೋನಲ್ಲೇ ಮಾತಾಡುವ ಸರ್" ಅಂದರು. ಅಲ್ಲೇ ಫೋನ್ ಇಡಬೇಕಿತ್ತು. ಇಡಲಿಲ್ಲ. ಬೇರೆಯವರಿಗೆಲ್ಲ 'ಬರಹದಲ್ಲಿ ತಗೊಳ್ಳಿ' ಅಂತ ಬುದ್ಧಿ ಹೇಳುವವನು ನಾನೇ!

ಮಗಳಿಗೆ ಬೇಸಿಗೆ ರಜೆ. ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇಲ್ಲ. ಅವಳನ್ನೂ ಕಟ್ಟಿಕೊಂಡು ಒಂಬತ್ತು ದಿನ ಬಾಯಾರು, ಪಡ್ರೆ ಅಂತ ಬಿಸಿಲಲ್ಲಿ ಗುಡ್ಡ ಹತ್ತಿದೆ. ಸುರಂಗ ಅಂದರೆ ಗುಡ್ಡದ ಕೆಂಪು ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಬಾವಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಪಂಪು ಬೇಡ, ಕರೆಂಟು ಬೇಡ, ಜಿನುಗಿದ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಬಾಯಾರಿನ ಅಜ್ಜ ಒಬ್ಬರು ತಾವೇ ಅಗೆದ ಸುರಂಗದೊಳಗೆ ನನ್ನನ್ನು ಕರೆದುಕೊಂಡು ಹೋದರು. ಕೈಯಲ್ಲಿ ಮೇಣದ ಬತ್ತಿ. ಬತ್ತಿ ಆರಿದರೆ ಒಳಗೆ ಉಸಿರಾಡಲು ಗಾಳಿ ಸಾಲದು ಅಂತ ಅರ್ಥ, ತಕ್ಷಣ ಹಿಂದೆ ಬರಬೇಕು. "42 ಕೋಲು ಉಂಟು ಮಾಷ್ಟ್ರೆ, ನಾನೊಬ್ಬನೇ ಅಗೆದದ್ದು" ಅಂದರು. ನಮ್ಮ ಕಡೆ ಕೋಲು ಅಂದರೆ ಅಳತೆ, ಸುಮಾರು ಎರಡೂವರೆ ಅಡಿ. ನಾವು ಹೊರಗೆ ಬರುವವರೆಗೆ ಮಗಳು ಸುರಂಗದ ಬಾಯಲ್ಲೇ ಕೂತು, ಅಡಿಕೆ ಮರ ಸೀಳಿ ಮಾಡಿದ ದಂಬೆಯಿಂದ ಬೀಳುವ ನೀರಿಗೆ ಕಾಲು ಒಡ್ಡಿಕೊಂಡಿದ್ದಳು. ಪಕ್ಕದಲ್ಲಿ ಅವಳ ಕೆಂಪು ಚಪ್ಪಲಿ. ಅದರ ಫೋಟೋ ತೆಗೆದೆ. ಒಳ್ಳೆಯದು ಬಂದಿತ್ತು.

ಆಟೋ ಬಾಡಿಗೆಗೇ 2,300 ಹೋಯಿತು. ಕೈಯಿಂದ.

ಜೂನ್ ಮೊದಲ ವಾರ ಲೇಖನ ಬಂತು ಅಂತ ಒಬ್ಬ ಗೆಳೆಯ ಲಿಂಕ್ ಕಳಿಸಿದ. ಅವರಲ್ಲ, ಗೆಳೆಯ. ತೆರೆದೆ. ಮೇಲೆ ಮಗಳ ಕೆಂಪು ಚಪ್ಪಲಿ. ಕೆಳಗೆ 'ನಮ್ಮ ಪ್ರತಿನಿಧಿಯಿಂದ'. ನನ್ನ ಹೆಸರು ಎಲ್ಲೂ ಇಲ್ಲ. ಕೆಳಗಿನವರೆಗೆ ಹೋದೆ, ಮತ್ತೆ ಮೇಲೆ ಬಂದೆ. ಇಲ್ಲ. ಆಮೇಲೆ ಈ ಸಾಲು ಕಂಡಿತು: '42 ಕೋಲುಗಳನ್ನು ಬಳಸಿ ಅಗೆದ ಸುರಂಗ'. ಕೋಲು ಬಳಸಿ! ಮುರಕಲ್ಲನ್ನು! ಒಲೆಯ ಮೇಲೆ ದೋಸೆ ಕರಟಿದ್ದು ಮಗಳು ಕೂಗಿದ ಮೇಲೆಯೇ ಗೊತ್ತಾಗಿದ್ದು.

ಫೋನ್ ಮಾಡಿದೆ. "ಡೆಸ್ಕಿನವರ ತಪ್ಪು ಸರ್, ಸರಿ ಮಾಡಿಸ್ತೀನಿ, ನೀವು ಇನ್‌ವಾಯ್ಸ್ ಕಳಿಸಿ." ಕಳಿಸಿದೆ. ಪ್ಯಾನ್ ಕಾರ್ಡ್ ಕಳಿಸಿ ಅಂದರು. ಕಳಿಸಿದೆ. ಜುಲೈಯಲ್ಲಿ "ಜಿಎಸ್‌ಟಿ ನಂಬರ್ ಇಲ್ಲದೆ ಅಕೌಂಟ್ಸಿನವರು ಪಾಸ್ ಮಾಡಲ್ಲ" ಅಂದರು. ನಾನು ಪೆದ್ದನ ಹಾಗೆ ಕಾಸರಗೋಡಿಗೆ ಬಸ್ ಹತ್ತಿ ಟ್ಯಾಕ್ಸ್ ನೋಡುವವರ ಹತ್ತಿರ ಹೋದೆ. ಅವರು ನಕ್ಕರು. ವರ್ಷಕ್ಕೆ 20 ಲಕ್ಷ ದಾಟದ ಬರವಣಿಗೆಯವನಿಗೆ ಎಂತ ಜಿಎಸ್‌ಟಿ ಮಾರಾಯ್ರೆ ಅಂತ. 20 ಲಕ್ಷ! ಆ ನಗು ಈಗಲೂ ಕಿವಿಯಲ್ಲಿದೆ.

ಅದನ್ನು ಹೇಳಿದಾಗ ಮಾತು ತಿರುಗಿತು. "ಟಿಡಿಎಸ್ ಕಟ್ ಮಾಡಿ ದುಡ್ಡು ಹಾಕಿಯಾಗಿದೆ, ನಿಮ್ಮ ಬ್ಯಾಂಕಲ್ಲಿ ಕೇಳಿ." ಬ್ಯಾಂಕಿಗೆ ಬಂದಿಲ್ಲ. ನನ್ನ ಹೆಸರಲ್ಲಿ ಕಡಿದ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ತೆಗೆದು ನೋಡಿದೆ, ಅವರ ಹೆಸರಲ್ಲಿ ಒಂದು ರೂಪಾಯಿಯೂ ಕಡಿದಿಲ್ಲ. ಅದರ ಸ್ಕ್ರೀನ್‌ಶಾಟ್ ಕಳಿಸಿದೆ. ನೀಲಿ ಗೆರೆ ಬಿತ್ತು. ಉತ್ತರ ಇಲ್ಲ. ನಾಲ್ಕು ದಿನ ಬಿಟ್ಟು ನಾನೇ ಫೋನ್ ಮಾಡಿದಾಗ ಹೇಳಿದ್ದು ಇದು:

"ಯಾಕೆ ಸರ್ ಅಷ್ಟು ಟೆನ್ಶನ್? ಹೇಗೂ ಮನೆಯಲ್ಲೇ ಇರ್ತೀರಿ. ಮೇಡಂಗೆ ಸಂಬಳ ಬರುತ್ತಲ್ಲ."

ಸುಮ್ನೆ ನಿಂತುಬಿಟ್ಟೆ. ಬೈಯಲೂ ಆಗಲಿಲ್ಲ. ಮಗು ನೋಡಿಕೊಳ್ಳುತ್ತೇನೆ ಅಂತ ಮೊದಲ ದಿನ ಸ್ನೇಹದಲ್ಲಿ ನಾನೇ ಹೇಳಿದ್ದು. ಅದನ್ನೇ ಎತ್ತಿ ಹೊಡೆದರು. 15,000ಕ್ಕಿಂತ ಜಾಸ್ತಿ ಅದೇ ಚುಚ್ಚುತ್ತದೆ. ಶಾಲೆ ಶುರುವಾಗುವಾಗ ಮಗಳ ಬ್ಯಾಗು, ಕೊಡೆ, ವ್ಯಾನಿನ ದುಡ್ಡು ಎಲ್ಲ ಹೆಂಡತಿಯ ಸಂಬಳದಿಂದಲೇ ಹೋಯಿತಲ್ಲ, ಅದಕ್ಕೆ ಇರಬೇಕು.

ಹಕ್ಕುಸ್ವಾಮ್ಯದ ವಿಷಯವೂ ಎತ್ತಿದೆ. ನೌಕರನಲ್ಲದವನ ಬರಹ ಅವನದ್ದೇ. ಲಿಖಿತವಾಗಿ ಬಿಟ್ಟುಕೊಡದೆ ಅದು ಬೇರೆಯವರದ್ದಾಗುವುದಿಲ್ಲ, 1957ರ ಕಾಯ್ದೆಯಲ್ಲೇ ಇದೆ. ಅವರು ಬರಹದಲ್ಲಿ ಏನೂ ಕೊಡದ ಕಾರಣ ಈ ಒಂದು ವಿಷಯದಲ್ಲಿ ನನಗೇ ಲಾಭ. ಅದಕ್ಕೆ ಬಂದ ಉತ್ತರ: "ಹೀಗೆಲ್ಲ ಕಾನೂನು ಮಾತಾಡಿದ್ರೆ ಮುಂದೆ ನಿಮಗೆ ಕೆಲಸ ಕೊಡೋದು ಹೇಗೆ?" ಮುಂದೆ ಅಂತೆ!

ಇಷ್ಟೆಲ್ಲ ಆದ ಮೇಲೆ ಅಜ್ಜನನ್ನು ಉಪ್ಪಳ ಪೇಟೆಯಲ್ಲಿ ನೋಡಿದೆ. ಬಂತಾ ಪೇಪರಿನಲ್ಲಿ ಅಂತ ಕೇಳಿದರು. ಪ್ರಿಂಟ್ ತೆಗೆಸಿ, 'ಕೋಲುಗಳನ್ನು ಬಳಸಿ' ಅನ್ನುವುದನ್ನು ಪೆನ್ನಲ್ಲಿ ಹೊಡೆದು 'ಕೋಲು ಉದ್ದದ' ಅಂತ ಬರೆದು ಮರುದಿನ ತೆಗೆದುಕೊಂಡು ಹೋಗಿ ಕೊಟ್ಟೆ. ಕನ್ನಡಕ ಹಾಕಿ ನಿಧಾನ ಓದಿದರು. ಆಮೇಲೆ ಕಾಗದ ತಿರುಗಿಸಿ ಹಿಂದೆಯೂ ನೋಡಿದರು. "ನಿಮ್ಮ ಹೆಸರು ಎಲ್ಲಿ ಮಾಷ್ಟ್ರೆ?"

ನಮ್ಮ ಗಡಿ ಕಡೆಯ ಹುಡುಗರಿಗೆ ನಾನು ಹೇಳುವುದು ಇಷ್ಟೆ. ದುಡ್ಡೆಷ್ಟು, ಯಾವಾಗ, ಹೆಸರು ಹಾಕುತ್ತಾರೋ ಇಲ್ಲವೋ, ಇದನ್ನೆಲ್ಲ ನೀವೇ ಟೈಪ್ ಮಾಡಿ ಕಳಿಸಿ. 'ಸರಿ' ಅಂತ ಒಂದು ಉತ್ತರ ಬರುವವರೆಗೆ ಆಟೋ ಹತ್ತಬೇಡಿ. ಓಡಾಟದ ಖರ್ಚು ಮೊದಲೇ ಕೇಳಿ. ಮನೆ ವಿಷಯ ಒಂದಕ್ಷರ ಹೇಳಬೇಡಿ.

ಪೆರ್ಲದ ಹುಡುಗನಿಗೂ ಇದನ್ನೇ ಹೇಳಿದೆ. ಮೇಲ್ ಕೇಳಿದನಂತೆ. "ಫೋನಲ್ಲೇ ಮಾತಾಡುವ" ಅಂದರಂತೆ. ಇವತ್ತು ಶುಕ್ರವಾರ. ಬೆಳಗ್ಗೆಯಿಂದ ಅವನ ಫೋನ್ ಸ್ವಿಚ್ ಆಫ್ ಬರ್ತಾ ಉಂಟು.