ಗುಜರಿ ಪುಡಿಯೋ, ಕೊಂಡ ಪುಡಿಯೋ, ವೆಲ್ಡಿಂಗ್ ತಂತಿಯೋ?

ಕಾಫಿ ಕೊಯ್ಲು ಶುರುವಾದರೆ ಸಕಲೇಶಪುರ, ಆಲೂರು ಕಡೆಯಿಂದ ಹಾಸನದ ನಮ್ಮ ವರ್ಕ್‌ಶಾಪಿಗೆ ಕಾಫಿ ತೊಳೆಯುವ ಯಂತ್ರಗಳ ಸ್ಟೇನ್‌ಲೆಸ್ ಶಾಫ್ಟ್‌ಗಳು ಬರುತ್ತವೆ. ಬೇರಿಂಗ್ ಕೂರುವ ಜಾಗ ಸವೆದಿರುತ್ತದೆ. ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಬೇಕು, ಹೊಸ ಶಾಫ್ಟ್‌ಗೆ ಕಾಯಲು ಯಾರಿಗೂ ಪುರಸೊತ್ತಿಲ್ಲ. ಸವೆದಲ್ಲಿ 316ಎಲ್ (ಇಂಗಾಲ ಕಡಿಮೆಯಿರುವ 316 ಬಗೆಯ ಸ್ಟೇನ್‌ಲೆಸ್) ಸ್ಟೀಲನ್ನು ಕರಗಿಸಿ ಪದರ ಪದರವಾಗಿ ಕೂರಿಸುತ್ತೇವೆ. ಅದಕ್ಕೆ ಮೂರು ದಾರಿ: ಅಂಗಡಿಯಿಂದ ಕೊಂಡ ಪುಡಿ, ಗುಜರಿಯಿಂದ ನಾವೇ ಮಾಡಿದ ಪುಡಿ, ವೆಲ್ಡಿಂಗ್ ತಂತಿ. ಪುಡಿಯನ್ನು ಲೇಸರ್‌ನಿಂದ, ತಂತಿಯನ್ನು ವಿದ್ಯುತ್ ಕಿಡಿಯಿಂದ ಕರಗಿಸುತ್ತೇವೆ.

ಕೊಂಡ ಪುಡಿಯ ಬಗ್ಗೆ ತಕರಾರಿಲ್ಲ, ಬೆಲೆಯೊಂದನ್ನು ಬಿಟ್ಟು. ಕರಗಿದ ಲೋಹವನ್ನು ಅನಿಲದ ರಭಸದಿಂದ ಚಿದುರಿಸಿ ಮಾಡುವುದರಿಂದ ಕಣಗಳು ದುಂಡಗಿರುತ್ತವೆ. ಲೇಸರ್ ನಳಿಕೆಯಲ್ಲಿ ರಾಗಿಯಂತೆ ಸರಾಗವಾಗಿ ಸುರಿಯುತ್ತದೆ.

ಗುಜರಿ ಪುಡಿಯ ಕಥೆ ದೊಡ್ಡದು. ನಮ್ಮದೇ ಲೇತ್‌ನ ಸುರುಳಿಗಳನ್ನು ತೊಳೆದು, ಒಣಗಿಸಿ, ಬಾಲ್ ಮಿಲ್‌ಗೆ (ಗಟ್ಟಿ ಗುಂಡುಗಳು ಬಡಿದು ಪುಡಿಮಾಡುವ ತಿರುಗುವ ಪೀಪಾಯಿ) ಹಾಕುತ್ತೇವೆ. ಸ್ಟೇನ್‌ಲೆಸ್ ಮೊದಲು ಚಪ್ಪಟೆಯಾಗುತ್ತದೆ. ಬಡಿತ ತಿಂದು ಗಡುಸಾದ ಮೇಲೆಯೇ ಒಡೆಯುತ್ತದೆ. ಜರಡಿ ಹಿಡಿದು 45ರಿಂದ 150 ಮೈಕ್ರಾನ್ ಒಳಗಿನದನ್ನು ಉಳಿಸಿಕೊಳ್ಳುತ್ತೇವೆ. ಕಣಗಳು ಮೂಲೆ ಮೂಲೆಯಾಗಿರುವುದರಿಂದ ಹರಿವು ತಡೆತಡೆದು ಬರುತ್ತದೆ, ಪದರ ಒಂದೆಡೆ ಉಬ್ಬಿ ಇನ್ನೊಂದೆಡೆ ತಗ್ಗುತ್ತದೆ. ದಪ್ಪವಾಗಿ ಕೂರಿಸಿ ಲೇತ್‌ನಲ್ಲಿ ಸವರಿದರೆ ಅಳತೆಯೇನೋ ಸಿಗುತ್ತದೆ. ಆದರೆ ಹೊಳೆಯುವ ಮೈಮೇಲೆ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಸುರುಳಿಯಲ್ಲಿ ಕಟಿಂಗ್ ಆಯಿಲ್ ಉಳಿದರೆ ಇಂಗಾಲ ಏರುತ್ತದೆ. 316ಎಲ್‌ನಲ್ಲಿ ಅದು ಶೇ 0.03 ಮೀರಬಾರದು, ಮೀರಿದರೆ ತುಕ್ಕು ತಡೆಯುವ ಗುಣ ಕುಂದುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ವಿಂಗಡಣೆ. 304 ಎಂಬ ಇನ್ನೊಂದು ಬಗೆಯ ಸ್ಟೇನ್‌ಲೆಸ್‌ಗೂ 316ಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. 316ರಲ್ಲಿರುವ ಶೇ 2–3ರಷ್ಟು ಮಾಲಿಬ್ಡಿನಂ ಎಂಬ ಲೋಹ 304ರಲ್ಲಿ ಇರುವುದಿಲ್ಲ. ಅಯಸ್ಕಾಂತವನ್ನೂ ನಂಬುವಂತಿಲ್ಲ: ಎರಡೂ ಸಾಮಾನ್ಯವಾಗಿ ಅದಕ್ಕೆ ಅಂಟುವುದಿಲ್ಲ, ಆದರೂ ಲೇತ್‌ನಲ್ಲಿ ಕತ್ತರಿಸಿದ 304ರ ಸುರುಳಿ ಸ್ವಲ್ಪ ಅಂಟುತ್ತದೆ. ಹೀಗಾಗಿ ಲೇತ್‌ನ ಕೆಳಗೇ ಬೇರೆ ಬೇರೆ ಟ್ರೇ ಇಡಲೇಬೇಕು. ಅಲ್ಯೂಮಿನಿಯಂ ಚೂರನ್ನಂತೂ ಈ ಮಿಲ್‌ನ ಹತ್ತಿರ ತರಲು ಬಿಡುವುದಿಲ್ಲ, ಅದರ ನಯವಾದ ಪುಡಿ ಸ್ಫೋಟಿಸಬಹುದು.

ಮಿಗ್ ವೆಲ್ಡಿಂಗ್ ತಂತಿ ಅಗ್ಗ, ಹಾಸನದಲ್ಲೇ ಸಿಗುತ್ತದೆ, ಪೋಲಾಗುವುದೂ ಕಡಿಮೆ. ಶಾಖ ಜಾಸ್ತಿಯಾದ್ದರಿಂದ ಸಣ್ಣ ಶಾಫ್ಟ್ ಬಾಗುತ್ತದೆ, ದಪ್ಪನೆಯದಕ್ಕೆ ಮಾತ್ರ ಒಳ್ಳೆಯದು.

ಬೇರಿಂಗ್, ಸೀಲ್ ಕೂರುವ ಜಾಗಕ್ಕೆ ನಾನು ಕೊಂಡ ಪುಡಿಯನ್ನೇ ಬಳಸುತ್ತೇನೆ. ಗುಜರಿ ಪುಡಿ ಬ್ರಾಕೆಟ್‌ಗೆ, ಬುಷ್‌ನ ಹೊರಮೈಗೆ ಸಾಕು. ಮಿಲ್ ಇಲ್ಲದವರೂ ಟ್ರೇ ಬೇರೆ ಇಡಿ: ವಿಂಗಡಿಸಿದ 316ಕ್ಕೆ ಗುಜರಿಯವರು 304ಕ್ಕಿಂತ ಹೆಚ್ಚು ದರ ಕೊಡುತ್ತಾರೆ.