ಹೊಲದಿಂದ ಕಾರ್ಖಾನೆಗೆ: ವಿಶ್ವಬ್ಯಾಂಕ್‌ನ ಅಂಕಿಅಂಶ ತಾಣ ಎಷ್ಟು ಉಪಯೋಗ?

ಒಂದು ದೇಶ ಕೃಷಿಯಿಂದ ಕೈಗಾರಿಕೆಯತ್ತ ಎಷ್ಟು ದೂರ ಸಾಗಿದೆ ಎಂದು ಅಳೆಯಬೇಕಿದ್ದರೆ ವಿಶ್ವಬ್ಯಾಂಕ್‌ನ 'ವರ್ಲ್ಡ್ ಡೆವಲಪ್‌ಮೆಂಟ್ ಇಂಡಿಕೇಟರ್ಸ್' ತಾಣದಿಂದ ಶುರು ಮಾಡುವುದೇ ಸರಿ. 2010ರಿಂದ ಪೂರ್ತಿ ಉಚಿತ. 200ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳ ಅಂಕಿಗಳು ಒಂದೇ ಅಚ್ಚಿನಲ್ಲಿ ಸಿಗುತ್ತವೆ. ಆದರೆ ತಪ್ಪು ಸರಣಿ (ಒಂದೇ ವಿಷಯದ ವರ್ಷವಾರು ಅಂಕಿಗಳ ಸಾಲು) ಆರಿಸಿಕೊಂಡರೆ ಉತ್ತರವೇ ತಲೆಕೆಳಗಾಗುತ್ತದೆ.

ಬೇಕಾದ ಸರಣಿಗಳು ಮೂರೇ: ಒಟ್ಟು ಉದ್ಯೋಗದಲ್ಲಿ ಕೃಷಿಯ ಪಾಲು, ಜಿಡಿಪಿಯಲ್ಲಿ ಕೃಷಿಯ ಪಾಲು, ಜಿಡಿಪಿಯಲ್ಲಿ ತಯಾರಿಕೆಯ ಪಾಲು. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ತಯಾರಿಕೆಯ ಬದಲು 'ಕೈಗಾರಿಕೆ' ಎಂಬ ಸರಣಿಯನ್ನು ಎತ್ತಿಕೊಳ್ಳುತ್ತಾರೆ. ಅದರೊಳಗೆ ಗಣಿ, ತೈಲ, ಕಟ್ಟಡ ನಿರ್ಮಾಣ, ವಿದ್ಯುತ್, ನೀರು ಪೂರೈಕೆ ಎಲ್ಲವೂ ಸೇರಿವೆ. ಹಾಗಾಗಿ ತೈಲ ಬಾವಿಗಳನ್ನೇ ನಂಬಿದ ಇರಾಕ್, ಅಂಗೋಲಾ ಕೂಡ ಭಾರೀ ಕೈಗಾರಿಕಾ ದೇಶಗಳಂತೆ ಕಾಣುತ್ತವೆ.

ಈ ತಾಣದ ನಿಜವಾದ ಬೆಲೆ ತಿಳಿಯುವುದು ಮೊದಲ ಎರಡು ಸರಣಿಗಳನ್ನು ಜೋಡಿಸಿದಾಗ. ಜಿಡಿಪಿಯಲ್ಲಿ ಕೃಷಿಯ ಪಾಲನ್ನು ಉದ್ಯೋಗದಲ್ಲಿ ಅದರ ಪಾಲಿನಿಂದ ಭಾಗಿಸಿ. ಭಾರತದಲ್ಲಿ ಇತ್ತೀಚಿನ ವರ್ಷಗಳಲ್ಲಿ ದುಡಿಯುವ ನೂರು ಜನರಲ್ಲಿ 40ಕ್ಕೂ ಹೆಚ್ಚು ಮಂದಿ ಕೃಷಿಯಲ್ಲಿದ್ದಾರೆ. ಜಿಡಿಪಿಯಲ್ಲಿ ಕೃಷಿಯ ಪಾಲು ಆರನೇ ಒಂದರ ಆಸುಪಾಸು. ಭಾಗಲಬ್ಧ ಸುಮಾರು 0.4. ಆದಾಯ ಹೊಲದಿಂದ ಆಚೆ ಹೋಗಿದೆ, ಜನ ಅಷ್ಟು ಹೋಗಿಲ್ಲ. ಚೀನಾದಲ್ಲಾದರೆ ಜನರೂ ಹೊರಬಂದಿದ್ದಾರೆ: 1991ರಲ್ಲಿ ಶೇ. 60ರಷ್ಟಿದ್ದ ಕೃಷಿ ಉದ್ಯೋಗ ಈಗ ಶೇ. 25ಕ್ಕಿಂತ ಕೆಳಗಿದೆ. ಜಿಡಿಪಿ ಅಂಕಿಯೊಂದನ್ನೇ ನೋಡಿ ಪರಿವರ್ತನೆ ಮುಗಿಯಿತು ಎನ್ನುವ ಬರಹಗಳನ್ನು ಒಪ್ಪಲಾಗದಿರುವುದು ಇದೇ ಕಾರಣಕ್ಕೆ.

ಸಿಎಸ್‌ವಿ ಕಡತ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಅಂಕಿಪಟ್ಟಿ) ಇಳಿಸಿಕೊಂಡಾಗ ಮೊದಲ 4 ಸಾಲು ಬಿಟ್ಟು ಓದಿಸಬೇಕು. ಕಾಲಂಗಳ ಹೆಸರು 5ನೇ ಸಾಲಿನಲ್ಲಿದೆ. ವರ್ಷಗಳು ಅಡ್ಡಕ್ಕೆ ಹರಡಿರುತ್ತವೆ. ದೇಶಗಳ ನಡುವೆ 'ವಿಶ್ವ', 'ದಕ್ಷಿಣ ಏಷ್ಯಾ' ಮುಂತಾದ ಗುಂಪುಗಳೂ ಸೇರಿಕೊಂಡಿರುವುದರಿಂದ ಹಾಗೇ ಸರಾಸರಿ ತೆಗೆದರೆ ಲೆಕ್ಕ ಕೆಡುತ್ತದೆ. ಜೊತೆಗೆ ಬರುವ ದೇಶವಿವರದ ಕಡತದಲ್ಲಿ ಪ್ರದೇಶದ ಕಾಲಂ ಖಾಲಿ ಇರುವ ಸಾಲುಗಳೇ ಆ ಗುಂಪುಗಳು, ಅವನ್ನು ತೆಗೆದುಹಾಕಿ. ಕೃಷಿ, ಕೈಗಾರಿಕೆ, ಸೇವೆ ಕೂಡಿಸಿದಾಗ 100 ಬಾರದಿದ್ದರೆ ಗಾಬರಿ ಬೇಡ: ಜಿಡಿಪಿಯಲ್ಲಿ ಸರಕುಗಳ ಮೇಲಿನ ತೆರಿಗೆ ಸೇರಿದೆ, ವಲಯಗಳ ಮೌಲ್ಯದಲ್ಲಿ ಸಾಮಾನ್ಯವಾಗಿ ಸೇರಿಲ್ಲ.

ಉದ್ಯೋಗದ ಗೆರೆ ಅಷ್ಟು ನಯವಾಗಿರುವುದಕ್ಕೂ ಕಾರಣವಿದೆ. ಅದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಗಣಿತ ಮಾದರಿಯಿಂದ ತೆಗೆದ ಅಂದಾಜು. ಸಮೀಕ್ಷೆ ನಡೆಯದ ವರ್ಷಗಳನ್ನು ಲೆಕ್ಕಾಚಾರದಿಂದ ತುಂಬಿದ್ದಾರೆ. ಒಂದೆರಡು ವರ್ಷದ ಏರಿಳಿತಕ್ಕೆ ಅರ್ಥ ಹಚ್ಚಬಾರದು. ದೇಶಗಳ ಸ್ವಂತ ಸಮೀಕ್ಷೆಗೆ ಹೋದರೆ ಅಲ್ಲಿ ಬೇರೆ ತೊಡಕು: ಉದ್ಯೋಗಕ್ಕೆ 2013ರಲ್ಲಿ ಬಂದ ಹೊಸ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಮುಖ್ಯವಾಗಿ ಮನೆ ಬಳಕೆಗಷ್ಟೇ ಬೆಳೆಯುವ ರೈತರು 'ಉದ್ಯೋಗಿ'ಗಳಲ್ಲ. ಅದನ್ನು ಜಾರಿಗೆ ತಂದ ವರ್ಷ ಕೃಷಿ ಉದ್ಯೋಗ ಕುಸಿದಂತೆ ಕಾಣಬಹುದು, ಹೊಲ ಬಿಟ್ಟವರು ಯಾರೂ ಇರುವುದಿಲ್ಲ.

ಜಿಡಿಪಿಯ ಮೂಲವರ್ಷ (ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ವರ್ಷ) ಬದಲಾದಾಗಲೂ ಹೀಗೇ. 2014ರಲ್ಲಿ ನೈಜೀರಿಯಾ ಮೂಲವರ್ಷವನ್ನು 1990ರಿಂದ 2010ಕ್ಕೆ ತಂದಾಗ ಜಿಡಿಪಿ ಶೇ. 89ರಷ್ಟು ಹಿಗ್ಗಿತು, ಕೃಷಿಯ ಪಾಲು ಕುಗ್ಗಿತು. ಆದ್ದರಿಂದ ಅಂಕಿ ಇಳಿಸಿಕೊಂಡ ದಿನಾಂಕ ಬರೆದಿಡಿ. ಹಳೆಯ ಆವೃತ್ತಿಗಳು ತಾಣದ ಸಂಗ್ರಹದಲ್ಲಿ ಸಿಗುತ್ತವೆ.

ದೊಡ್ಡ ಕೊರತೆ ಕಾಲವ್ಯಾಪ್ತಿಯದು. ಉತ್ಪಾದನೆಯ ಅಂಕಿಗಳು ಕೆಲವು ದೇಶಗಳಿಗೆ 1960ರಿಂದ ಇದ್ದರೂ ಈ ಉದ್ಯೋಗ ಸರಣಿ ಆರಂಭವಾಗುವುದು 1991ರಲ್ಲಿ. ಅಷ್ಟರೊಳಗೆ ದಕ್ಷಿಣ ಕೊರಿಯಾದ ಮುಖ್ಯ ಜಿಗಿತ ಮುಗಿದೇ ಹೋಗಿತ್ತು. ತೈವಾನ್ ಅಂತೂ ಪಟ್ಟಿಯಲ್ಲೇ ಇಲ್ಲ. ಈ ಎರಡಕ್ಕೂ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಹತ್ತು ವಲಯಗಳ ದತ್ತಸಂಚಯ ನೋಡಿ. ಅಲ್ಲಿನವರೇ ಸೇರಿ ರೂಪಿಸಿದ ಹೊಸ ಸಂಚಯ 51 ದೇಶಗಳನ್ನು, 12 ವಲಯಗಳನ್ನು, 1990ರಿಂದ 2018ರವರೆಗೆ ಕೊಡುತ್ತದೆ. ಅಲ್ಲಿ ತಲೆಯೆಣಿಕೆ ಮತ್ತು ಸ್ಥಳೀಯ ಹಣದ ಮೊತ್ತ ಇರುತ್ತದೆ. ಶೇಕಡಾ ಪಾಲನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು.