ಭತ್ತದ ಹೂವಿನ ವಂಶವಾಹಿ: ಅಡಗಿಸುವುದೋ, ಕತ್ತರಿಸುವುದೋ?

ಭತ್ತದ ಹೂವಿನಲ್ಲಿ ಆರು ಕೇಸರಗಳನ್ನೂ ಒಂದು ಅಂಡಾಶಯವನ್ನೂ ಸುತ್ತಿ ನಿಲ್ಲುವ ಹೊಟ್ಟುಗಳು ಹೊಟ್ಟುಗಳಾಗಿಯೇ ಬೆಳೆಯುವಂತೆ ನೋಡಿಕೊಳ್ಳುವ ವಂಶವಾಹಿಗಳಲ್ಲಿ ಓಎಸ್‌ಮ್ಯಾಡ್ಸ್1 ಮುಖ್ಯವಾದುದು. ಅದರ ಕೆಲಸವನ್ನು ಅರಿಯಲು ನಾನು ಎರಡು ವಿಧಾನಗಳನ್ನು ಬಳಸಿ ನೋಡಿದ್ದೇನೆ: ಆರ್‌ಎನ್‌ಎ ಇಂಟರ್‌ಫಿಯರೆನ್ಸ್‌ನಿಂದ, ಅಂದರೆ ವಂಶವಾಹಿಯ ಒಂದು ತುಣುಕಿಗೆ ಹೊಂದುವ ಆರ್‌ಎನ್‌ಎಯನ್ನು ಗಿಡದಲ್ಲಿ ತಯಾರಾಗಿಸಿ ಅದರ ಸಂದೇಶವನ್ನು ನಾಶಮಾಡಿ, ವಂಶವಾಹಿಯನ್ನು ಅಡಗಿಸುವುದು ಮತ್ತು ಡಿಎನ್‌ಎಯನ್ನು ಗೊತ್ತುಪಡಿಸಿದ ಜಾಗದಲ್ಲಿ ತುಂಡರಿಸುವ ಕ್ರಿಸ್ಪರ್ ಎಂಬ ಸಾಧನದಿಂದ ಅದನ್ನು ಕತ್ತರಿಸಿ ಕೆಡಿಸುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಷಾ ವಿಜಯರಾಘವನ್ ಅವರ ತಂಡ 2005ರಲ್ಲಿ ಇದೇ ವಂಶವಾಹಿಯ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಅನುಸರಿಸಿದ್ದು ಮೊದಲನೆಯ ವಿಧಾನವನ್ನು. ಈ ವಿಧಾನದಲ್ಲಿ ವಂಶವಾಹಿ ಅಡಗುವ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆಯಾಗುತ್ತದೆ; ಅದರ ಮೌಲ್ಯ ನನಗೆ ತಿಳಿದದ್ದು ನನ್ನ ಗಿಡಗಳಲ್ಲಿ ಹೊಡೆ ಬಿಚ್ಚಿ ತೆನೆ ಹೊರಬಂದಾಗ. ಒಂದು ಗಿಡದಲ್ಲಿ ಹೊಟ್ಟು ತುಸು ನೀಳವಾಗಿತ್ತು, ಅಷ್ಟೆ. ಪಕ್ಕದ ಕುಂಡದಲ್ಲಿ ಅದು ಎಲೆಯಂತೆ ಹಸಿರಾಗಿ ಚಾಚಿಕೊಂಡು, ಬಾಯಿ ಮುಚ್ಚದ ಹೂವಿನೊಳಗಿನ ಅಂಗಗಳೂ ಅಡ್ಡಾದಿಡ್ಡಿಯಾಗಿದ್ದವು. ವಂಶವಾಹಿ ಎಷ್ಟೆಷ್ಟು ಕುಗ್ಗಿದರೆ ಯಾವ ಅಂಗ ಕೆಡುತ್ತದೆ ಎಂಬುದನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಓದಬಹುದು. ಆದರೆ ಓಎಸ್‌ಮ್ಯಾಡ್ಸ್1 ಸೇರಿರುವ ಮ್ಯಾಡ್ಸ್ ಕುಟುಂಬದ ವಂಶವಾಹಿಗಳು ಒಂದನ್ನೊಂದು ಹೋಲುವುದರಿಂದ, ಈ ಒಂದಕ್ಕೆ ಮಾತ್ರ ಸೇರಿದ ತುಣುಕನ್ನು ಆರಿಸದಿದ್ದರೆ ನೆರೆಯವೂ ಅಡಗುತ್ತವೆ. ಜೊತೆಗೆ, ಮುಂದಿನ ಪೀಳಿಗೆಗಳಲ್ಲಿ ಪರಿಣಾಮ ಮಾಸುವುದೂ ಉಂಟು.

ಕ್ರಿಸ್ಪರ್ ಫಲಿತಾಂಶ ಸ್ವಚ್ಛವಾದುದು, ವಂಶವಾಹಿ ಪೂರ್ತಿ ಕೆಡುತ್ತದೆ, ಆದರೆ ಇಲ್ಲಿ ಅದೇ ತೊಡಕಾಯಿತು. ಗಿಡದಲ್ಲಿ ವಂಶವಾಹಿಗೆ ಎರಡು ಪ್ರತಿಗಳಿರುತ್ತವೆ; ಎರಡೂ ಪ್ರತಿಗಳು ಕೆಟ್ಟ ಗಿಡ ಬೀಜ ಕಟ್ಟುವುದಿಲ್ಲ. ಒಂದು ಪ್ರತಿ ಮಾತ್ರ ಕೆಟ್ಟ ಗಿಡವನ್ನು ಕಾಪಾಡಿಕೊಳ್ಳಲು ಪ್ರತಿ ಪೀಳಿಗೆಯಲ್ಲೂ ಸಸಿ ಸಸಿಯ ಎಲೆ ಚಿವುಟಿ ಡಿಎನ್‌ಎ ಓದಬೇಕು. ಹೂವಿನ ಅಂಗಗಳ ಅಧ್ಯಯನಕ್ಕಾದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ತೆನೆಯ ಕಾಳಿನ ಸಂಖ್ಯೆಯ ವಿಷಯಕ್ಕೆ ಬಂದರೆ ನನ್ನ ಆಯ್ಕೆ ನಿಸ್ಸಂಶಯವಾಗಿ ಕ್ರಿಸ್ಪರ್. ಜಿಎನ್1ಎ ವಂಶವಾಹಿ, ಜೀವಕೋಶಗಳ ವಿಭಜನೆಯನ್ನು ಹುರಿದುಂಬಿಸುವ ಸೈಟೋಕೈನಿನ್ ಹಾರ್ಮೋನನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತದೆ. ಅದನ್ನು ಕೆಡಿಸಿದರೆ ಎಳೆಯ ತೆನೆಯ ಬೆಳೆಯುವ ತುದಿಯಲ್ಲಿ ಹಾರ್ಮೋನು ಉಳಿದು ಹೂಗಳು ಹೆಚ್ಚುತ್ತವೆ, ಗಿಡ ಬಂಜೆಯಾಗುವುದಿಲ್ಲ, ಕತ್ತರಿಸುವ ಸಾಧನಕ್ಕಾಗಿ ಹೊರಗಿನಿಂದ ಸೇರಿಸಿದ ಡಿಎನ್‌ಎಯನ್ನು ಮುಂದಿನ ಪೀಳಿಗೆಯಲ್ಲಿ ಬೇರ್ಪಡಿಸಿಬಿಡಬಹುದು. 2025ರ ಮೇ ತಿಂಗಳಲ್ಲಿ ಪ್ರಕಟವಾದ ‘ಕಮಲಾ’ ತಳಿಯನ್ನು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿಯಲ್ಲಿ ಇದೇ ವಂಶವಾಹಿಯನ್ನು ತಿದ್ದಿ ರೂಪಿಸಿತು. ನನ್ನ ಗಿಡಗಳಲ್ಲಿ ಹೂವಿನ ಎಣಿಕೆ ಮುಗಿದ ಮೇಲೂ ತೆನೆಯ ಬುಡದ ಕಿರುಕವಲುಗಳನ್ನು ಮತ್ತೆ ಬೆರಳಿನಿಂದ ಒತ್ತಿ ನೋಡುತ್ತೇನೆ, ಏಕೆಂದರೆ ಹೆಚ್ಚಾದ ಹೂಗಳು ಜೊಳ್ಳಾಗುವುದಿದ್ದರೆ ಮೊದಲು ಅಲ್ಲೇ.